ಅಕ್ಕಿಯ ಲೆಕ್ಕ, ಸಾಕೆಯ ರುಚಿ

ಕಳೆದ ಮಾಗಿಯ ಒಂದು ಭಾನುವಾರ ಪುಣೆಯ ನಮ್ಮ ಬಳಗದ ತಿಂಗಳ ಕೂಟಕ್ಕೆ ಪುಸ್ತಕಗಳ ಜೊತೆ ಒಂದು ಸೀಸೆಯೂ ಬಂದಿತು. ಈ ಊರಿನಲ್ಲಿ ಜಪಾನಿ ಭಾಷೆ ಕಲಿತವರಿಗೆ ಕೊರತೆಯಿಲ್ಲ. ಬಳಗದ ಹಿರಿಯರೊಬ್ಬರ ಮಗಳೂ ಹಾಗೆ ಕಲಿತು, ಒಕಯಾಮಾದಲ್ಲಿ ಕೆಲಕಾಲ ಕೆಲಸಮಾಡಿ, ಮರಳುವಾಗ 720 ಮಿಲಿಲೀಟರಿನ ಸಾಕೆಯ ಸೀಸೆಯೊಂದನ್ನು ತಂದಿದ್ದಳು. ಒಕಯಾಮಾ ಪುಣೆಯವರಿಗೆ ತೀರ ಅಪರಿಚಿತವಾದ ಹೆಸರಲ್ಲ. ಸಿಂಹಗಡ ರಸ್ತೆಯಲ್ಲಿ ನಾವು ಸಂಜೆ ಅಡ್ಡಾಡುವ ಪು. ಲ. ದೇಶಪಾಂಡೆ ಉದ್ಯಾನ ಆ ಊರಿನ ಕೊರಾಕುಎನ್ ಉದ್ಯಾನದ ಮಾದರಿಯಲ್ಲಿ ರೂಪುಗೊಂಡದ್ದು. ಸೀಸೆಯನ್ನು ಮೇಜಿನ ಮೇಲಿಟ್ಟಾಗ ಮೊದಲು ಹುಟ್ಟಿದ್ದು ಒಂದು ನಗೆ. ಸಾಕೆ ಎಂಬ ಮಾತನ್ನು ಕನ್ನಡದಲ್ಲಿ ಬರೆದರೆ ಅದು ಬಡಿಸುವವರು ಪಂಕ್ತಿಯಲ್ಲಿ ಬಾಗಿ ಕೇಳುವ ಪ್ರಶ್ನೆಯಾಗಿಬಿಡುತ್ತದೆ. ನಕ್ಕು ಮುಗಿಸಿದ ಮೇಲೆ, ಸೀಸೆಯ ಚೀಟಿಯನ್ನು ಆ ಹುಡುಗಿ ಪದಪದವಾಗಿ ಓದಿ ಹೇಳತೊಡಗಿದಾಗ, ಆ ಪ್ರಶ್ನೆ ಅಷ್ಟೊಂದು ಅಪ್ರಸ್ತುತವಲ್ಲವೆಂದು ನಮಗೆ ತೋರಿತು. ಅಕ್ಕಿ ಸಾಕೆ, ಸಾಲದೆ ಎಂಬ ಲೆಕ್ಕವೇ ಈ ಪಾನೀಯದ ಚರಿತ್ರೆಯನ್ನು ಸಾವಿರ ವರ್ಷ ನಡೆಸಿದೆ.

ಇನ್ನೊಂದು ಮಾತನ್ನು ಆರಂಭದಲ್ಲಿಯೇ ಒಪ್ಪಿಕೊಳ್ಳಬೇಕು. ಇದಕ್ಕೆ ಮುಂಚೆ ಇಂತಹದೇ ಒಂದು ಸೀಸೆಯನ್ನು ನಾವು ಕೈಯಾರೆ ಹಾಳುಮಾಡಿದ್ದೆವು. ವಿಸ್ಕಿಯಂತೆ ಇದೂ ಇಟ್ಟಷ್ಟು ಮಾಗುತ್ತದೆಂಬ ತಿಳಿವಳಿಕೆಯಿಂದ ಗಾಜಿನ ಬೀರುವಿನಲ್ಲಿ ಎರಡು ಬೇಸಿಗೆ ಇರಿಸಿ, ಅತಿಥಿಗಳ ಮುಂದೆ ತೆರೆದಾಗ ಹೊರಬಂದದ್ದು ಒಣ ಅಣಬೆಯ ವಾಸನೆಯ ಹಳದಿ ನೀರು. ಆ ದಿನ ದೋಷವನ್ನು ಜಪಾನಿನ ಮೇಲೆ ಹೊರಿಸಿದ್ದೆವು. ಆದ್ದರಿಂದ ಈ ಸಲ ಮುಚ್ಚಳ ತೆರೆಯುವ ಮೊದಲು ಚೀಟಿಯನ್ನು ಓದೋಣವೆಂದು ನಿಶ್ಚಯಿಸಿದೆವು.

ಚೀಟಿಯ ಮೇಲಿನ ದೊಡ್ಡ ಅಕ್ಷರಗಳು ಜುನ್ಮಾಯ್ ಎಂದಿದ್ದವು. ಶುದ್ಧ ಅಕ್ಕಿ ಎಂದು ಅರ್ಥ. ನಮ್ಮಲ್ಲಿ ಕೆಲವರಿಗೆ ಅದು ಕೂಡಲೇ ಮೆಚ್ಚುಗೆಯಾಯಿತು. ಪುರಾತನವಾದ ಶುದ್ಧ ಪರಂಪರೆಯೊಂದರ ಮುದ್ರೆ ಎಂಬಂತೆ ತೋರಿತು. ಆದರೆ ಹಾಲಿನ ಅಂಗಡಿಯ ಮುಂದೆ ಶುದ್ಧ ಹಾಲು ಎಂಬ ಫಲಕ ತೂಗಿದ್ದರೆ ಅದು ಆ ಅಂಗಡಿಯ ಹಾಲಿಗಿಂತ ಬೀದಿಯ ಇತರ ಅಂಗಡಿಗಳ ಹಾಲಿನ ವಿಷಯವನ್ನೇ ಹೆಚ್ಚು ಹೇಳುತ್ತದೆಯಷ್ಟೆ? ಅಕ್ಕಿಯಿಂದಲೇ ಮಾಡುವ ಪಾನೀಯ ತಾನು ಅಕ್ಕಿಯಿಂದ ಆದದ್ದೆಂದು ಸಾರಬೇಕಾದ ಗತಿ ಯಾವಾಗ ಬಂದಿತು? ಈ ಪ್ರಶ್ನೆಯನ್ನು ಬೆನ್ನಟ್ಟಿ ನಾವು ಓದಿದ್ದನ್ನು, ಕೇಳಿದ್ದನ್ನು, ಕುಡಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಮಾಡುವ ಬಗೆ. ದ್ರಾಕ್ಷಿಯಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತದೆ; ಹಿಂಡಿಟ್ಟರೆ ಯೀಸ್ಟ್ ತನ್ನ ಕೆಲಸ ಮಾಡಿಕೊಳ್ಳುತ್ತದೆ. ಅಕ್ಕಿಯಲ್ಲಿರುವುದು ಪಿಷ್ಟ. ಅದನ್ನು ಸಕ್ಕರೆಯಾಗಿ ಒಡೆಯುವವರು ಬೇಕು. ಬಾರ್ಲಿಯನ್ನು ಮೊಳಕೆ ಬರಿಸಿ ಬಿಯರ್ ಮಾಡುವವರು ಆ ಕೆಲಸವನ್ನು ಮೊಳಕೆಯಿಂದ ಮಾಡಿಸುತ್ತಾರೆ. ಜಪಾನಿಯರು ಒಂದು ಬೂಷ್ಟಿನಿಂದ ಮಾಡಿಸುತ್ತಾರೆ. ಹಬೆಯಲ್ಲಿ ಬೇಯಿಸಿದ ಅನ್ನದ ಮೇಲೆ ಆ ಬೂಷ್ಟಿನ ಬೀಜಕಣಗಳನ್ನು ಉದುರಿಸಿ, ಬೆಚ್ಚಗಿನ ಕೋಣೆಯಲ್ಲಿ ಸುಮಾರು ಎರಡು ದಿನ ಹಗಲಿರುಳು ನೋಡಿಕೊಂಡರೆ ಅನ್ನದ ಅಗುಳುಗಳು ಬಿಳಿಯ ನವಿರಾದ ರೋಮ ತಳೆದು ಹುರಿದ ಕಡಲೆಯಂತಹ ಕಂಪು ಬೀರುತ್ತವೆ. ಅದೇ ಕೋಜಿ. ಕೋಜಿ, ಅನ್ನ, ನೀರು, ಯೀಸ್ಟ್ ಒಂದೇ ಹಂಡೆಯಲ್ಲಿ ಕೂಡಿದಾಗ ಒಂದು ಕಡೆ ಪಿಷ್ಟ ಸಕ್ಕರೆಯಾಗುತ್ತಿರುತ್ತದೆ, ಇನ್ನೊಂದು ಕಡೆ ಅದೇ ಗಳಿಗೆಯಲ್ಲಿ ಸಕ್ಕರೆ ಮದ್ಯವಾಗುತ್ತಿರುತ್ತದೆ. ಅಕ್ಕಿಯನ್ನು ಒಮ್ಮೆಗೇ ಸುರಿಯದೆ ನಾಲ್ಕು ದಿನಗಳಲ್ಲಿ ಮೂರು ಕಂತಾಗಿ ಕೂಡಿಸುತ್ತಾರೆ. ನಡುವಣ ಒಂದು ದಿನದ ಬಿಡುವಿಗೆ ಅವರು ಕೊಟ್ಟಿರುವ ಹೆಸರು ಒದೋರಿ, ಎಂದರೆ ನೃತ್ಯ. ಹೀಗೆ ಹುದುಗಿದ ರಸದಲ್ಲಿ ಮದ್ಯಸಾರ ನೂರಕ್ಕೆ ಇಪ್ಪತ್ತರವರೆಗೂ ಏರಬಲ್ಲದು. ಭಟ್ಟಿಯಿಳಿಸದ ಪಾನೀಯಕ್ಕೆ ಇದು ಅಪರೂಪದ ಎತ್ತರ. ಸೀಸೆಗೆ ತುಂಬುವ ಮುನ್ನ ಸಾಮಾನ್ಯವಾಗಿ ನೀರು ಬೆರೆಸಿ 15 ಅಥವಾ 16ಕ್ಕೆ ಇಳಿಸುತ್ತಾರೆ.

ಇದರ ಮೇಲೆ ರಾಜ್ಯದ ಕಣ್ಣು ಬಿದ್ದದ್ದು ಬಹಳ ಹಿಂದೆ. 8ನೆಯ ಶತಮಾನದ ಆರಂಭದ ಸಂಹಿತೆಯಲ್ಲಿಯೇ ಅರಮನೆಗೆ ಸಾಕೆ ಮಾಡಿಕೊಡುವ ಒಂದು ಇಲಾಖೆ ಇತ್ತು. 927ರಲ್ಲಿ ಪೂರ್ಣಗೊಂಡ ಎಂಗಿಶಿಕಿ ಎಂಬ ವಿಧಿಸಂಗ್ರಹ ಯಾವ ಬಗೆಗೆ ಎಷ್ಟು ಅಕ್ಕಿ, ಎಷ್ಟು ಕೋಜಿ, ಎಷ್ಟು ನೀರು ಎಂದು ಅಳತೆಸಹಿತ ಬರೆದಿಟ್ಟಿದೆ. ಇದನ್ನು ಓದುವಾಗ ಕನ್ನಡಿಗರಿಗೆ ಇನ್ನೊಂದು ಗ್ರಂಥ ನೆನಪಾಗದಿರದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಅಕ್ಕಿ ಮತ್ತು ಕಿಣ್ವದಿಂದ ಮೇದಕವೆಂಬ ಮದ್ಯವನ್ನು ಮಾಡುವ ಅಳತೆಯೂ ಇದೆ. ಅಕ್ಕಿ ಇದ್ದಲ್ಲಿ ಮದ್ಯ, ಮದ್ಯ ಇದ್ದಲ್ಲಿ ಅಧ್ಯಕ್ಷ. ಎರಡೂ ದೇಶಗಳಲ್ಲಿ ಈ ಕ್ರಮ ತಪ್ಪಿದಂತಿಲ್ಲ.

ಅರಮನೆಯ ಬಳಿಕ ಕಸುಬು ಬೌದ್ಧ ವಿಹಾರಗಳಿಗೆ ಹೋಯಿತು. ನಾರಾ ಬಳಿಯ ಶೋರ್ಯಾಕು-ಜಿ ವಿಹಾರದ ಹೆಸರು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಕೋಜಿಗೂ ಅನ್ನಕ್ಕೂ ಎರಡಕ್ಕೂ ಬಿಳಿಯ ಅಕ್ಕಿಯನ್ನೇ ಬಳಸುವ ಪದ್ಧತಿ ಬೆಳೆದದ್ದು ಇಂತಹ ವಿಹಾರಗಳಲ್ಲಿ. ನಾರಾದ ಭಿಕ್ಷುಗಳ ದಿನಚರಿಯೊಂದರಲ್ಲಿ 16ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಸಾಕೆಯನ್ನು ಹದವಾಗಿ ಕಾಯಿಸಿ ಕೆಡದಂತೆ ಮಾಡುವ ಉಲ್ಲೇಖವಿದೆ. ಲೂಯಿ ಪಾಶ್ಚರ್ ಅದನ್ನೇ ಶಾಸ್ತ್ರವಾಗಿ ಹೇಳಿದ್ದು ಸುಮಾರು ಮುನ್ನೂರು ವರ್ಷಗಳ ಬಳಿಕ. ರಾಬರ್ಟ್ ವಿಲಿಯಂ ಅಟ್ಕಿನ್ಸನ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಮೇಜಿ ಕಾಲದಲ್ಲಿ ಜಪಾನಿನಲ್ಲಿದ್ದು 1881ರಲ್ಲಿ ಸಾಕೆಯ ರಸಾಯನದ ಮೇಲೆ ಒಂದು ಗ್ರಂಥ ಪ್ರಕಟಿಸಿದ. ಥರ್ಮಾಮೀಟರನ್ನೇ ಬಳಸದ ಕೆಲಸಗಾರರು ಕಾಯುತ್ತಿರುವ ಸಾಕೆಯ ಮೇಲ್ಮೈಯಲ್ಲಿ ಬೆರಳಿನಿಂದ ‘ನೊ’ ಎಂಬ ಸುರುಳಿಯಾಕಾರದ ಅಕ್ಷರವನ್ನು ಬರೆದು, ಅದನ್ನು ಬರೆಯುವಷ್ಟು ಹೊತ್ತು ಬಿಸಿಯನ್ನು ಹೇಗೋ ಸಹಿಸಬಹುದಾದರೆ ಹದ ಸರಿಯೆಂದು ತಿಳಿಯುತ್ತಿದ್ದುದನ್ನು ಕಂಡು ಅವನು ಬೆರಗಾದನಂತೆ. ಪಾಕದ ಎಳೆಯನ್ನು ಎರಡು ಬೆರಳ ನಡುವೆ ನೋಡಿದ ನಮ್ಮ ಅಜ್ಜಿಯರು ಬೆರಗಾಗುತ್ತಿರಲಿಲ್ಲ.

ಎದೊ ಕಾಲಕ್ಕೆ, ಎಂದರೆ 17ನೆಯ ಶತಮಾನದಿಂದೀಚೆಗೆ, ಸಾಕೆ ದೊಡ್ಡ ವ್ಯಾಪಾರವಾಯಿತು. ಪಶ್ಚಿಮದ ಇತಾಮಿ, ಆಮೇಲೆ ಸಮುದ್ರದಂಚಿನ ನಾದಾ, ಪೀಪಾಯಿಗಳಲ್ಲಿ ತುಂಬಿ ಹಡಗಿನಲ್ಲಿ ಎದೊ ನಗರಕ್ಕೆ, ಈಗಿನ ಟೋಕಿಯೊಗೆ, ಕಳಿಸಿದವು. ದೇವದಾರುವನ್ನು ಹೋಲುವ ಸುಗಿ ಮರದ ಪೀಪಾಯಿಗಳಲ್ಲಿ ಅಲೆಗಳ ಮೇಲೆ ತೂಗಾಡುತ್ತ ಹೋದ ಸಾಕೆಗೆ ಮರದ ಗಂಧ ಹತ್ತುತ್ತಿತ್ತು. ಎದೊವರೆಗೆ ಹೋಗಿ ಹಿಂದಿರುಗಿದ, ದಾರಿಯಲ್ಲಿ ಫೂಜಿ ಪರ್ವತವನ್ನು ಕಂಡುಬಂದ ಪೀಪಾಯಿಗೆ ಪಶ್ಚಿಮದವರೇ ವಿಶೇಷ ಬೆಲೆ ಕೊಡುತ್ತಿದ್ದರೆಂದು ಹೇಳುತ್ತಾರೆ. 1840ರಲ್ಲಿ ಯಾಮಾಮುರಾ ತಜಾಎಮೊನ್ ಎಂಬ ಮನೆತನಸ್ಥ ತನ್ನ ಎರಡು ಊರುಗಳ ಸಾಕೆಗಳಲ್ಲಿ ನಿಶಿನೊಮಿಯಾದ್ದೇ ಯಾವಾಗಲೂ ಮೇಲಾಗುವುದೇಕೆಂದು ಪರೀಕ್ಷಿಸಿ, ಕೊನೆಗೆ ಅಲ್ಲಿಯ ಬಾವಿಯ ನೀರೇ ಕಾರಣವೆಂದು ಕಂಡುಕೊಂಡ. ಮಿಯಾಮಿಜು ಎಂಬ ಆ ನೀರಿನಲ್ಲಿ ಸಾಕೆಯ ಬಣ್ಣ ಕೆಡಿಸುವ ಕಬ್ಬಿಣ ಅತ್ಯಲ್ಪ, ಯೀಸ್ಟನ್ನು ಪೋಷಿಸುವ ಖನಿಜಗಳು ಹೇರಳ.

ಆದರೆ ಅಂದಿನ ಜಪಾನಿನಲ್ಲಿ ಅಕ್ಕಿ ಬರಿಯ ಆಹಾರವಲ್ಲ, ಹಣ. ಸಮುರಾಯಿಯ ಸಂಬಳ, ಸಾಮಂತನ ಸಂಪತ್ತು ಎಲ್ಲವನ್ನೂ ಕೊಕು ಎಂಬ ಅಕ್ಕಿಯ ಅಳತೆಯಲ್ಲಿ ಎಣಿಸುತ್ತಿದ್ದರು. ಒಂದು ಕೊಕು ಎಂದರೆ ಸುಮಾರು 180 ಲೀಟರು, ಸ್ಥೂಲವಾಗಿ ಒಬ್ಬ ಮನುಷ್ಯನ ಒಂದು ವರ್ಷದ ಅನ್ನ. ಇಂದಿಗೂ ಸಾಕೆಯ ದೊಡ್ಡ ಸೀಸೆ 1.8 ಲೀಟರಿನದು, ಸರಿಯಾಗಿ ಕೊಕುವಿನ ನೂರನೆಯ ಒಂದು ಭಾಗ. ಹಾಗಿದ್ದಮೇಲೆ ಸಾಕೆ ಮಾಡುವುದೆಂದರೆ ನಾಣ್ಯ ಕರಗಿಸುವುದಕ್ಕೆ ಸಮ. ಬರ ಬಂದಾಗ ಶೋಗುನರ ಸರ್ಕಾರ ಸಾಕೆಯ ಪ್ರಮಾಣವನ್ನು ಕಡಿತಗೊಳಿಸುತ್ತಿತ್ತು. ಸುಗ್ಗಿ ಹೆಚ್ಚಾಗಿ ಅಕ್ಕಿಯ ಬೆಲೆ ಕುಸಿದಾಗ, 1806ರಲ್ಲಿ ಆದಂತೆ, ಯಾರು ಬೇಕಾದರೂ ಎಷ್ಟು ಬೇಕಾದರೂ ಮಾಡಿರಿ ಎಂದು ಬಾಗಿಲು ತೆರೆಯುತ್ತಿತ್ತು. ಚಳಿಗಾಲದಲ್ಲಿ ಮಾತ್ರ ಸಾಕೆ ಮಾಡಬೇಕೆಂಬ 1673ರ ಕಟ್ಟಳೆಗೂ ಅಕ್ಕಿಯ ಹತೋಟಿಯೇ ಹಿನ್ನೆಲೆ. ಆ ಕಟ್ಟಳೆಯ ಒಂದು ಫಲ ಸೊಗಸಾಯಿತು: ಗದ್ದೆಯ ಕೆಲಸವಿಲ್ಲದ ಚಳಿಗಾಲದಲ್ಲಿ ಬೆಟ್ಟದೂರುಗಳ ರೈತರು ತಂಡ ಕಟ್ಟಿಕೊಂಡು ಸಾಕೆಮನೆಗಳಿಗೆ ಬಂದು ದುಡಿಯುವ ಪದ್ಧತಿ ಬೆಳೆಯಿತು. ಆ ತಂಡದ ನಾಯಕನೇ ತೋಜಿ. ತಾಂಬಾ, ನಾಂಬು, ಎಚಿಗೊ ಕಡೆಯ ತೋಜಿಗಳ ಹೆಸರು ಇಂದಿಗೂ ಗೌರವದ್ದು. ಗದ್ದೆಯಲ್ಲಿ ಅಕ್ಕಿಯನ್ನು ಬೆಳೆದು ಚಳಿಗಾಲದಲ್ಲಿ ಅಕ್ಕಿಯನ್ನೇ ಹುದುಗಿಸಿದವರು ಅವರು.

ಮೇಜಿ ಸರ್ಕಾರಕ್ಕೆ ಬೇಕಾದದ್ದು ಅಕ್ಕಿಯಲ್ಲ, ರೊಕ್ಕ. 1899ರ ಹೊತ್ತಿಗೆ ಮದ್ಯದ ತೆರಿಗೆ ಭೂಕಂದಾಯವನ್ನೂ ಹಿಂದಿಕ್ಕಿ ರಾಷ್ಟ್ರದ ತೆರಿಗೆಯ ಸುಮಾರು ಮೂರನೆಯ ಒಂದು ಭಾಗವಾಯಿತು. ಅದೇ ವರ್ಷ ರೈತರು ಮನೆಯಲ್ಲಿ ಸೋಸದೆ ಮಾಡಿಕೊಳ್ಳುತ್ತಿದ್ದ ದೊಬುರೊಕು ಎಂಬ ಗಂಜಿಯಂತಹ ಸಾಕೆಯನ್ನು ಪೂರ್ತಿಯಾಗಿ ನಿಷೇಧಿಸಲಾಯಿತು. ರಷ್ಯದೊಂದಿಗಿನ ಯುದ್ಧದ ಖರ್ಚಿನಲ್ಲಿ ಸಾಕೆಯ ಪಾಲು ಸಣ್ಣದಲ್ಲ. ತನ್ನ ಗದ್ದೆಯ ಅಕ್ಕಿಯನ್ನು ತನ್ನ ಮನೆಯ ಮಡಕೆಯಲ್ಲಿ ಹುದುಗಿಸುವುದು ಅಪರಾಧವಾದ ಈ ಕಾನೂನನ್ನು ಪ್ರಶ್ನಿಸಿ ಮಾಎದಾ ತೊಶಿಹಿಕೊ ಎಂಬ ಹೋರಾಟಗಾರ ಬಹಿರಂಗವಾಗಿ ದೊಬುರೊಕು ಮಾಡಿ ಮೊಕದ್ದಮೆ ಎದುರಿಸಿದ. 1989ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾನೂನನ್ನೇ ಎತ್ತಿಹಿಡಿಯಿತು. ಮನೆಯ ಸಾಕೆ ಇಂದಿಗೂ ಅಲ್ಲಿ ಅಪರಾಧವೇ.

ಹಾಗೆಂದು ತೆರಿಗೆಯವರನ್ನು ಬರಿದೇ ದೂರುವಂತೆಯೂ ಇಲ್ಲ. ಹಂಡೆ ಕೆಟ್ಟರೆ ತೆರಿಗೆಯೂ ಕೆಡುತ್ತದೆ. ಆದ್ದರಿಂದ ಹಂಡೆ ಕೆಡದಂತೆ ನೋಡಿಕೊಳ್ಳಲು ಸರ್ಕಾರವೇ 1904ರಲ್ಲಿ ಸಂಶೋಧನಾಲಯವೊಂದನ್ನು ತೆರೆಯಿತು. ಕೆಲಸಗಾರರು ನಡುರಾತ್ರಿಯ ಚಳಿಯಲ್ಲಿ ಉದ್ದನೆಯ ಕೋಲುಗಳಿಂದ ಅನ್ನವನ್ನು ಅರೆಯುತ್ತಿದ್ದ ಕಷ್ಟವನ್ನು ತಪ್ಪಿಸುವ ಯಾಮಾಹಾಯ್ ಪದ್ಧತಿ, ಲ್ಯಾಕ್ಟಿಕ್ ಆಮ್ಲ ಸೇರಿಸಿ ಬೇಗನೆ ಹುದುಗೆಬ್ಬಿಸುವ ಪದ್ಧತಿ, ಎರಡೂ ಅಲ್ಲಿಂದ ಬಂದವು. ಒಳ್ಳೆಯ ಸಾಕೆಮನೆಗಳ ಯೀಸ್ಟನ್ನು ಬೇರ್ಪಡಿಸಿ, ಸಂಖ್ಯೆ ಕೊಟ್ಟು, ದೇಶದಾದ್ಯಂತ ಹಂಚುವ ಏರ್ಪಾಡಾಯಿತು. ಹಿರೊಶಿಮಾ ಪ್ರಾಂತದ ಮಿಉರಾ ಸೆನ್‌ಜಬುರೊ ಖನಿಜ ಕಡಿಮೆಯಿರುವ ಮೃದುವಾದ ನೀರಿನಲ್ಲಿಯೂ ಕಡಿಮೆ ಉಷ್ಣದಲ್ಲಿ ನಿಧಾನವಾಗಿ ಹುದುಗಿಸಿದರೆ ಸೊಗಸಾದ ಸಾಕೆ ಆಗುತ್ತದೆಂದು ತೋರಿಸಿ, 1898ರಲ್ಲಿ ತನ್ನ ವಿಧಾನವನ್ನು ಗುಟ್ಟುಮಾಡದೆ ಅಚ್ಚುಹಾಕಿಸಿದ. ಅದೇ ಪ್ರಾಂತದ ಸಾತಾಕೆ ರಿಇಚಿ 1896ರಲ್ಲಿ ಅಕ್ಕಿ ಉಜ್ಜುವ ಯಂತ್ರವನ್ನು ರೂಪಿಸಿದ. ಇವರಿಬ್ಬರನ್ನು ನಾವು ಬೇಕೆಂದೇ ಒಟ್ಟಿಗೆ ಹೇಳುತ್ತಿದ್ದೇವೆ. ಇಂದು ಹೂವಿನ, ಹಣ್ಣಿನ ಕಂಪಿಗೆ ಹೆಸರಾದ ಗಿಂಜೊ ಸಾಕೆ ಇವರ ಎರಡು ಕೆಲಸಗಳ ಕೂಸು. ಅದರ ಕಂಪನ್ನು ಪ್ರಾಚೀನ ಜಪಾನಿನ ಕಂಪೆಂದು ಬಗೆಯುವುದು ತಪ್ಪಾಗುತ್ತದೆ.

ನಮ್ಮ ಸೀಸೆಯ ಜುನ್ಮಾಯ್ ಪದದ ನಿಜವಾದ ಹುಟ್ಟು ಮಾತ್ರ ಇದಾದ ಮೇಲಿನ ಕತೆಯಲ್ಲಿದೆ. 1918ರಲ್ಲಿ ಅಕ್ಕಿಯ ಬೆಲೆಗಾಗಿ ಜಪಾನಿನ ಊರೂರಿನಲ್ಲಿ ದಂಗೆಗಳಾದವು. ಅಕ್ಕಿಯನ್ನು ಹುದುಗಿಸಿ ಕುಡಿಯುವುದು ನ್ಯಾಯವೇ ಎಂಬ ಪ್ರಶ್ನೆ ಎದ್ದ ಆ ಕಾಲದಲ್ಲಿ, ಅಕ್ಕಿಯ ತೌಡಿನಿಂದ ಬೆರಿಬೆರಿ ರೋಗದ ಮದ್ದನ್ನು ಬೇರ್ಪಡಿಸಿದ ವಿಜ್ಞಾನಿ ಸುಜುಕಿ ಉಮೆತಾರೊ ಅಕ್ಕಿಯಿಲ್ಲದ ಕೃತಕ ಸಾಕೆಯ ಪ್ರಯೋಗಕ್ಕೆ ಕೈಹಾಕಿದರು. ಚೀನಾದೊಂದಿಗಿನ ಯುದ್ಧ ಬಿಗಿಯಾದಂತೆ ಸೈನ್ಯಕ್ಕೆ ಅಕ್ಕಿ ಬೇಕಾಯಿತು. ಅಕ್ಕಿಯನ್ನು ಎಷ್ಟು ಉಜ್ಜಬಹುದೆಂಬುದಕ್ಕೇ ಮಿತಿ ಬಂದಿತು. ಹಲವು ಸಾಕೆಮನೆಗಳನ್ನು ಮುಚ್ಚಿಸಿದರು, ಹಲವನ್ನು ಒಂದರೊಳಗೊಂದು ಸೇರಿಸಿದರು. ಅಂಗಡಿಗಳಲ್ಲಿ ನೀರು ಬೆರೆಸಿ ಮಾರುತ್ತಿದ್ದ ಸಾಕೆಗೆ ಜನರಿಟ್ಟ ಹೆಸರು ಹೊನ್ನಮೀನಿನ ಸಾಕೆ; ಅದರೊಳಗೆ ಬಿಟ್ಟರೆ ಮೀನು ಈಜಿಕೊಂಡಿರಬಹುದಾದಷ್ಟು ತೆಳು ಎಂದು. ಮಂಚೂರಿಯದಲ್ಲಿ ಮೊದಲು ಪರೀಕ್ಷಿಸಿದ ಒಂದು ಉಪಾಯ, ಹುದುಗುವ ಹಂಡೆಗೆ ಭಟ್ಟಿಯಿಳಿಸಿದ ಮದ್ಯಸಾರವನ್ನು ಸುರಿದು ಪ್ರಮಾಣ ಹೆಚ್ಚಿಸುವುದು, ಯುದ್ಧದ ನಡುವೆ ಜಪಾನಿಗೂ ಬಂದಿತು.

ಯುದ್ಧ ಮುಗಿದಾಗ ಸ್ಥಿತಿ ಇನ್ನೂ ಹೀನವಾಯಿತು. ನಗರಗಳು ಸುಟ್ಟಿದ್ದವು, ಜನ ಹಸಿದಿದ್ದರು. ಕಾಳಸಂತೆಯಲ್ಲಿ ಬಾಂಬ್ ಎಂಬ ಅಡ್ಡಹೆಸರಿನ ಕಳ್ಳಮದ್ಯ ಮಾರಾಟವಾಗುತ್ತಿತ್ತು. ಇಂಧನದ ಮದ್ಯಸಾರ ಬೆರೆತ ಅದನ್ನು ಕುಡಿದು ಕಣ್ಣು ಕಳೆದುಕೊಂಡವರು, ಪ್ರಾಣ ಕಳೆದುಕೊಂಡವರು ಉಂಟು. ಇಂತಹ ಹೊತ್ತಿನಲ್ಲಿ, 1949ರ ಸುಮಾರಿಗೆ, ಮೂರುಪಟ್ಟಿನ ಸಾಕೆ ಬಂದಿತು. ಅಕ್ಕಿಯಿಂದ ಹುದುಗಿಸಿದ ರಸಕ್ಕೆ ನೀರು ಬೆರೆತ ಮದ್ಯಸಾರ, ತೆಳುವಾದ ಸಿಹಿಗೆ ಗ್ಲೂಕೋಸ್ ಮತ್ತು ಸಕ್ಕರೆಪಾಕ, ಹುಳಿಗೆ ಲ್ಯಾಕ್ಟಿಕ್ ಮತ್ತು ಸಕ್ಸಿನಿಕ್ ಆಮ್ಲ, ರುಚಿಗೆ ಅಜಿನೊಮೊಟೊ ಜಾತಿಯ ಲವಣ, ಇಷ್ಟನ್ನು ಕೂಡಿಸಿದರೆ ಅದೇ ಅಕ್ಕಿಯಿಂದ ಸುಮಾರು ಮೂರು ಪಟ್ಟು ಸಾಕೆ. ಈಗಿನ ರಸಿಕರು ಇದರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ನಮಗೆ ಹಾಗೆ ಮಾಡಲು ಮನಸ್ಸಾಗದು. ವಿಷ ಕುಡಿದು ಸಾಯುವವರಿದ್ದ ದೇಶದಲ್ಲಿ, ಅನ್ನದ ತಟ್ಟೆಯಿಂದ ಕಸಿಯದೆ, ಕುಡಿದರೆ ಕುರುಡಾಗದ ಒಂದು ಪಾನೀಯವನ್ನು ಕೊಟ್ಟದ್ದು ಅಪರಾಧವಲ್ಲ. ಅಪರಾಧ ಮುಂದಿನದು. ಅಕ್ಕಿ ಮತ್ತೆ ಬೆಳೆದು, 1960ರ ದಶಕದ ಕೊನೆಗೆ ಸರ್ಕಾರಕ್ಕೆ ಅಕ್ಕಿಯ ರಾಶಿಯೇ ತಲೆನೋವಾದ ಮೇಲೂ, ಆ ಬರಗಾಲದ ಪಾಕ ನಿಲ್ಲಲಿಲ್ಲ. ಅದು ಅಗ್ಗ, ಸುಲಭ, ಲಾಭ. ಒಂದು ಪೀಳಿಗೆ ಅದನ್ನೇ ಸಾಕೆಯೆಂದು ತಿಳಿದು ಬೆಳೆಯಿತು. ಮರುದಿನದ ತಲೆನೋವನ್ನೂ ಅದರ ಲೆಕ್ಕಕ್ಕೇ ಬರೆದುಕೊಂಡಿತು.

ಇದಕ್ಕೆ ನೆರಳಾಗಿ ನಿಂತದ್ದು ದರ್ಜೆಗಳ ಪದ್ಧತಿ. ಯುದ್ಧದ ನಡುವೆ 1943ರಲ್ಲಿ ಸಾಕೆಯನ್ನು ತೆರಿಗೆಗಾಗಿ ದರ್ಜೆಗಳಾಗಿ ವಿಂಗಡಿಸಿದರು. ಕೆಲವು ಮಾರ್ಪಾಡುಗಳ ಬಳಿಕ ವಿಶೇಷ, ಮೊದಲನೆಯ, ಎರಡನೆಯ ಎಂಬ ಮೂರು ದರ್ಜೆಗಳು ನೆಲೆನಿಂತವು. ಮೇಲಿನ ದರ್ಜೆ ಬೇಕಾದವರು ತಮ್ಮ ಸಾಕೆಯನ್ನು ಪರೀಕ್ಷೆಗೆ ಒಪ್ಪಿಸಬೇಕು, ಹೆಚ್ಚಿನ ತೆರಿಗೆ ಕಟ್ಟಬೇಕು. ಒಪ್ಪಿಸದಿದ್ದರೆ ಅದು ತನ್ನಿಂದ ತಾನೇ ಎರಡನೆಯ ದರ್ಜೆ. ಕೊಳ್ಳುವವರು ದರ್ಜೆಯನ್ನು ಗುಣವೆಂದು ಓದಿದರು. ಅದು ಬಹುಮಟ್ಟಿಗೆ ತೆರಿಗೆಯ ರಸೀದಿಯಾಗಿತ್ತು. ಆಗ ಕೆಲವು ಸಣ್ಣ ಸಾಕೆಮನೆಗಳು ಮಾಡಿದ ಕೆಲಸ ನಮಗೆ ಬಹಳ ಪ್ರಿಯವಾಯಿತು. ತಮ್ಮ ಅತ್ಯುತ್ತಮ ಸಾಕೆಯನ್ನು ಪರೀಕ್ಷೆಗೇ ಕಳಿಸದೆ, ಎರಡನೆಯ ದರ್ಜೆಯೆಂದೇ ಕಡಿಮೆ ಬೆಲೆಗೆ ಮಾರಿದರು. ಮಿಯಾಗಿ ಪ್ರಾಂತದ ಇಚಿನೊಕುರಾ ಎಂಬ ಸಾಕೆಮನೆ 1977ರಲ್ಲಿ ತನ್ನ ಸಾಕೆಗೆ ಪರೀಕ್ಷೆಗೊಳಗಾಗದ್ದು ಎಂಬುದನ್ನೇ ಹೆಸರಾಗಿ ಇಟ್ಟಿತು. ನೀಗಾತಾದ ಕೊಶಿ-ನೊ-ಕಾಂಬಾಯ್‌ನಂತಹ ಪ್ರಾಂತೀಯ ಸಾಕೆಗಳನ್ನು ಟೋಕಿಯೊದ ಜನ ಹುಡುಕಿಕೊಂಡು ಹೋಗತೊಡಗಿದ್ದೂ ಆ ದಶಕದಲ್ಲಿಯೇ. ಮದ್ಯಸಾರ ಸೇರಿಸದ, ಅಕ್ಕಿ ಮತ್ತು ಕೋಜಿಯಿಂದ ಮಾತ್ರ ಆದ ಸಾಕೆಯನ್ನು ಬೇರೆಯೆಂದು ಗುರುತಿಸಬೇಕಾಗಿ ಬಂದಾಗ ಜುನ್ಮಾಯ್ ಎಂಬ ಪದ ಅಂಗಡಿಯ ಮಾತಾಯಿತು. 1990ರಲ್ಲಿ ಜುನ್ಮಾಯ್, ಗಿಂಜೊ, ಹೊನ್‌ಜೋಜೋ ಮೊದಲಾದ ಹೆಸರುಗಳಿಗೆ ಸರ್ಕಾರದ ನಿಯಮಗಳು ಜಾರಿಗೆ ಬಂದವು. 1992ರಲ್ಲಿ ದರ್ಜೆಗಳು ರದ್ದಾದವು. ಪುರಾತನವೆಂದು ನಾವು ಕೈಮುಗಿದ ಪದ ಚೀಟಿಯ ಮೇಲೆ ಕುಳಿತು ಅರ್ಧ ಶತಮಾನವಷ್ಟೇ ಆಗಿದೆ.

ಹಾಗಾದರೆ ಆಯ್ಕೆ ಹೇಗೆ? ಚೀಟಿಯನ್ನು ಈಗ ಸಮಾಧಾನದಿಂದ ಓದಬಹುದು. ಜುನ್ಮಾಯ್ ಎಂದಿದ್ದರೆ ಮದ್ಯಸಾರ ಸೇರಿಸಿಲ್ಲ. ಹೊನ್‌ಜೋಜೋ ಎಂದಿದ್ದರೆ ಸ್ವಲ್ಪ ಸೇರಿಸಿದ್ದಾರೆ. ಬಳಸಿದ ಬಿಳಿಯಕ್ಕಿಯ ತೂಕದ ಹತ್ತನೆಯ ಒಂದು ಭಾಗವನ್ನು ಮೀರುವಂತಿಲ್ಲ. ಅಷ್ಟು ಸೇರಿಸುವುದು ಕಲಬೆರಕೆಯಲ್ಲ. ಮದ್ಯಸಾರ ಕಂಪನ್ನು ಸೆಳೆದು ಹಿಡಿಯುತ್ತದೆ, ರುಚಿಯನ್ನು ಹಗುರಗೊಳಿಸುತ್ತದೆ. ಎದೊ ಕಾಲದ ಸಾಕೆಮನೆಗಳೂ ಹಂಡೆ ಕೆಡದಿರಲೆಂದು ಭಟ್ಟಿಯ ಮದ್ಯವನ್ನು ಬೆರೆಸುತ್ತಿದ್ದವು. ಶುದ್ಧವೆಂಬ ಪದಕ್ಕೆ ಮರುಳಾಗಿ ಹೊನ್‌ಜೋಜೋವನ್ನು ಕಡೆಗಣಿಸುವವರು ಒಳ್ಳೆಯ ಊಟದ ಸಂಗಾತಿಯೊಂದನ್ನು ಕಳೆದುಕೊಳ್ಳುತ್ತಾರೆಂಬುದು ನಮ್ಮ ಅಭಿಪ್ರಾಯ.

ಇನ್ನು ಸೇಮಾಯ್-ಬುಆಯ್ ಎಂಬ ಸಂಖ್ಯೆ. ಅಕ್ಕಿಯನ್ನು ಉಜ್ಜಿದ ಮೇಲೆ ನೂರರಲ್ಲಿ ಎಷ್ಟು ಉಳಿಯಿತೆಂದು ಇದು ಹೇಳುತ್ತದೆ. ನಾವು ಉಣ್ಣುವ ಅಕ್ಕಿಯಲ್ಲಿ ಸುಮಾರು 90 ಉಳಿದಿರುತ್ತದೆ. ಗಿಂಜೊ ಎನ್ನಿಸಿಕೊಳ್ಳಲು 60 ಅಥವಾ ಅದಕ್ಕಿಂತ ಕಡಿಮೆ, ದಾಯ್‌ಗಿಂಜೊಗೆ 50 ಅಥವಾ ಕಡಿಮೆ ಇರಬೇಕು. ಹೊರಪದರದ ಪ್ರೋಟೀನು, ಕೊಬ್ಬು ಹೋದಷ್ಟೂ ಕಂಪು ನವಿರಾಗುತ್ತದೆ, ನಿಜ. ಆದರೆ ಅಕ್ಕಿಯ ಸ್ವಭಾವವೂ ಹೋಗುತ್ತದೆ. ನೂರರಲ್ಲಿ ಹತ್ತನ್ನೂ ಉಳಿಸದೆ ಉಜ್ಜಿ ಕೀರ್ತಿ ಪಡೆದ ಸಾಕೆಗಳಿವೆ. ಉದುರಿದ ಹಿಟ್ಟು ವ್ಯರ್ಥವಾಗದೆ ತಿಂಡಿಗೂ ಮೇವಿಗೂ ಹೋಗುತ್ತದೆಂದರೂ, ಅಕ್ಕಿಗಾಗಿ ದಂಗೆಯೆದ್ದ ನಾಡಿನಲ್ಲಿ ಇದನ್ನು ಹಿರಿಮೆಯೆಂದು ಅಳೆಯುವುದು ನಮಗೆ ಒಗ್ಗದು. ನಮ್ಮ ಸೀಸೆಯ ಮೇಲೆ 65 ಎಂದಿತ್ತು. ಅಕ್ಕಿಯ ತಳಿ ಒಮಾಚಿ. 1859ರಲ್ಲಿ ಒಕಯಾಮಾದ ರೈತನೊಬ್ಬ ಯಾತ್ರೆಯಿಂದ ಮರಳುವಾಗ ದಾರಿಬದಿಯ ಗದ್ದೆಯಲ್ಲಿ ಕಂಡು ತಂದ ತೆನೆಗಳಿಂದ ಬೆಳೆದದ್ದೆಂದು ಹೇಳುವ ತಳಿ. ಇಂದು ಸಾಕೆಯ ಅಕ್ಕಿಯಲ್ಲಿ ಅಗ್ರಸ್ಥಾನದಲ್ಲಿರುವ ಯಾಮಾದಾ ನಿಶಿಕಿಗೆ ಹೆಸರು ಬಿದ್ದದ್ದು 1936ರಲ್ಲಿ; ಒಮಾಚಿ ಅದಕ್ಕಿಂತ ಹಳೆಯದು, ಎತ್ತರಕ್ಕೆ ಬೆಳೆದು ಬಾಗುವುದರಿಂದ ರೈತನಿಗೆ ಕಷ್ಟದ್ದು, ರುಚಿಯಲ್ಲಿ ಮಣ್ಣಿನ ಗಾಂಭೀರ್ಯವುಳ್ಳದ್ದು.

ಕೊನೆಗೆ ತಾರೀಖು. ನಮ್ಮ ಹಿಂದಿನ ತಪ್ಪು ಇಲ್ಲಿಯೇ ಆದದ್ದು. ಬೇಕೆಂದೇ ಮಾಗಿಸಿದ ಕೆಲವನ್ನು ಬಿಟ್ಟರೆ ಸಾಕೆಯನ್ನು ಸೀಸೆಗೆ ತುಂಬಿದ ಒಂದು ವರ್ಷದೊಳಗೆ, ತೆರೆದ ಮೇಲೆ ತಂಪುಪೆಟ್ಟಿಗೆಯಲ್ಲಿಟ್ಟು ಒಂದೆರಡು ವಾರದೊಳಗೆ ಮುಗಿಸುವುದು ಲೇಸು. ಬೆಳಕೂ ಸೆಕೆಯೂ ಅದರ ಶತ್ರುಗಳು. ನಾಮಾ ಎಂದು ಬರೆದಿದ್ದರೆ ಕಾಯಿಸದ ಸಾಕೆ. ಅದನ್ನು ಒಂದು ದಿನವೂ ತಂಪಿನಿಂದ ಹೊರಗಿಡಬಾರದು.

ಬಡಿಸುವ ವಿಷಯಕ್ಕೆ ಬಂದಾಗ ಬಳಗದಲ್ಲಿ ಎರಡು ಪಕ್ಷಗಳಾದವು. ಒಳ್ಳೆಯ ಸಾಕೆಯನ್ನು ತಣ್ಣಗೆ, ಕೆಟ್ಟದ್ದನ್ನು ಬಿಸಿಯಾಗಿ ಕುಡಿಯಬೇಕೆಂದು ಒಬ್ಬರು ಎಲ್ಲಿಯೋ ಓದಿಬಂದಿದ್ದರು. ಈ ಮಾತಿಗೂ ಒಂದು ಚರಿತ್ರೆಯಿದೆ, ಅದೂ ಚಿಕ್ಕದೇ. ಪೋರ್ಚುಗೀಸ್ ಪಾದ್ರಿ ಲೂಯಿಸ್ ಫ್ರೋಯಿಸ್ 1585ರಲ್ಲಿ ಯುರೋಪಿಗೂ ಜಪಾನಿಗೂ ಇರುವ ವ್ಯತ್ಯಾಸಗಳನ್ನು ಪಟ್ಟಿಮಾಡುತ್ತ, ತಮ್ಮವರು ವೈನನ್ನು ತಣಿಸುತ್ತಾರೆ, ಇವರು ಹೆಚ್ಚುಕಡಿಮೆ ವರ್ಷವಿಡೀ ಬಿಸಿಮಾಡಿ ಕುಡಿಯುತ್ತಾರೆ ಎಂಬರ್ಥದಲ್ಲಿ ಬರೆದಿದ್ದಾನೆ. 1713ರಲ್ಲಿ ಆರೋಗ್ಯದ ಕೈಪಿಡಿ ಬರೆದ ಕಾಯ್ಬಾರಾ ಎಕಿಕೆನ್ ಬೇಸಿಗೆಯಾಗಲಿ ಚಳಿಗಾಲವಾಗಲಿ ತೀರ ತಣ್ಣಗೂ ಬೇಡ, ತೀರ ಬಿಸಿಯೂ ಬೇಡ, ಬೆಚ್ಚಗೆ ಕುಡಿಯುವುದು ಹಿತವೆಂದು ಸಲಹೆ ಮಾಡಿದ. ಮೂರುಪಟ್ಟಿನ ಸಾಕೆಯ ಕಾಲದಲ್ಲಿ ಕುದಿಬಿಸಿ ಅದರ ಕೊರತೆಗಳನ್ನು ಮುಚ್ಚಿತು, ಬಿಸಿ ಸಾಕೆಗೆ ಕೆಟ್ಟ ಹೆಸರು ತಂದಿತು. ತಂಪುಪೆಟ್ಟಿಗೆಯೂ ಗಿಂಜೊವೂ ಮನೆಮನೆಗೆ ಬಂದ ಮೇಲೆ ತಣ್ಣನೆಯದೇ ಶ್ರೇಷ್ಠವೆನಿಸಿತು. ವಾಸ್ತವವಾಗಿ ಜಪಾನಿಯರು ಸುಮಾರು ಐದು ಐದು ಡಿಗ್ರಿಗೆ ಒಂದೊಂದು ಹೆಸರಿಟ್ಟಿದ್ದಾರೆ. 5 ಹಿಮದ ತಂಪು, 10 ಹೂವಿನ ತಂಪು, 30 ಬಿಸಿಲಿನ ಬೆಚ್ಚಗೆ, 35 ಮೈಯ ಬೆಚ್ಚಗೆ, 40 ಉಗುರುಬೆಚ್ಚಗೆ, 50 ಬಿಸಿ. ಕಂಪು ಪ್ರಧಾನವಾದ ದಾಯ್‌ಗಿಂಜೊವನ್ನು ಕಾಯಿಸಿದರೆ ಕಂಪು ಹಾರಿಹೋಗುತ್ತದೆ. ಅದನ್ನು 10ರ ಸುಮಾರಿಗೆ ಕುಡಿಯಬೇಕು. ಅಕ್ಕಿಯ ರುಚಿಯೂ ಹುಳಿಯೂ ಗಟ್ಟಿಯಾಗಿರುವ ಜುನ್ಮಾಯ್, ಅದರಲ್ಲಿಯೂ ಯಾಮಾಹಾಯ್ ಬಗೆಯದು, 40ರಿಂದ 45ರಲ್ಲಿ ಅರಳುತ್ತದೆ. ಕಾಯಿಸುವುದು ನೇರ ಉರಿಯ ಮೇಲಲ್ಲ. ತೊಕ್ಕುರಿ ಎಂಬ ಕಿರುಗೊರಳಿನ ಪಿಂಗಾಣಿ ಹೂಜಿಗೆ ತುಂಬಿ, ಉರಿ ಆರಿಸಿದ ಬಿಸಿನೀರಿನ ಪಾತ್ರೆಯಲ್ಲಿ ಕೆಲವು ನಿಮಿಷ ಇಳಿಬಿಡುವುದು.

ಬಟ್ಟಲುಗಳು ಚಿಕ್ಕವು, ಮತ್ತೆ ಮತ್ತೆ ತುಂಬಬೇಕಾದದ್ದೇ ಅವುಗಳ ಉದ್ದೇಶ. ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುವುದು ಒಂಟಿತನದ ಲಕ್ಷಣ. ಪಕ್ಕದವರದನ್ನು ನೋಡಿಕೊಂಡು ತುಂಬಬೇಕು, ಅವರು ಎರಡೂ ಕೈಗಳಿಂದ ಬಟ್ಟಲನ್ನು ಎತ್ತಿ ಹಿಡಿಯಬೇಕು. ತಮ್ಮವರಲ್ಲಿ ಬೇಕಾದಷ್ಟೇ ಕುಡಿಯುತ್ತಾರೆ, ಇಲ್ಲಿಯವರು ಒಬ್ಬರನ್ನೊಬ್ಬರು ಬಿಡದೆ ಒತ್ತಾಯಿಸುತ್ತಾರೆ ಎಂಬುದು ಕೂಡ ಫ್ರೋಯಿಸನ ದೂರು. ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ಕೈ ಅಡ್ಡ ಹಿಡಿದು ಸೋತ ನಮಗೆ ಆ ದೂರು ಚೆನ್ನಾಗಿ ಅರ್ಥವಾಗುತ್ತದೆ. ಸಾಕಾದವರು ಬಟ್ಟಲನ್ನು ತುಂಬಿದಂತೆಯೇ ಬಿಡಬೇಕು. ಬರಿದಾದ ಬಟ್ಟಲು ಇನ್ನೂ ಬೇಕೆಂದು ಹೇಳಿದಂತೆ.

ಜಪಾನಿನಲ್ಲಿ ಸಾಕೆಯ ಬಳಕೆ 1973ರಲ್ಲಿ ಸುಮಾರು 17 ಲಕ್ಷ ಕಿಲೋಲೀಟರಿನ ಶಿಖರ ಮುಟ್ಟಿ, ಇಂದು ಅದರ ನಾಲ್ಕನೆಯ ಒಂದು ಭಾಗಕ್ಕೆ ಇಳಿದಿದೆ. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಕೋಜಿಯಿಂದ ಸಾಕೆ ಮಾಡುವ ವಿದ್ಯೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಬೇಸಿಗೆಯಲ್ಲಿ ಅಲ್ಲಿಯ ಅಂಗಡಿಗಳ ಅಕ್ಕಿಯ ಕಪಾಟುಗಳು ಬರಿದಾಗಿದ್ದವು. 2025ರಲ್ಲಿ ಅಕ್ಕಿಯ ಬೆಲೆ ಹಿಂದಿನ ವರ್ಷದ ಸುಮಾರು ಎರಡರಷ್ಟಾಗಿ ಸರ್ಕಾರ ಉಗ್ರಾಣದ ದಾಸ್ತಾನನ್ನು ಹೊರತೆಗೆಯಬೇಕಾಯಿತು. ಉಣ್ಣುವ ಅಕ್ಕಿಗೇ ಒಳ್ಳೆಯ ಬೆಲೆ ಬಂದಾಗ ಸಾಕೆಯ ಅಕ್ಕಿಯನ್ನು ಬೆಳೆಯುವ ರೈತ ಏಕೆ ಅದರಲ್ಲಿಯೇ ಉಳಿಯಬೇಕೆಂದು ಸಾಕೆಮನೆಗಳು ಚಿಂತೆಗೆ ಬಿದ್ದಿವೆ.

ಆ ಭಾನುವಾರ ನಾವು ಮೊದಲ ಬಟ್ಟಲನ್ನು ಕೋಣೆಯ ತಂಪಿನಲ್ಲಿಯೇ ಕುಡಿದೆವು. ಬಾಳೆಹಣ್ಣಿನ ಸುಳಿವು, ಹಿಂದಿನಿಂದ ಬೆಂದ ಅನ್ನದ ಗಂಜಿಯ ಪರಿಮಳ. ಎರಡನೆಯದಕ್ಕೆ ತೊಕ್ಕುರಿ ಇರಲಿಲ್ಲ. ಉಪ್ಪಿನಕಾಯಿಯ ಸಣ್ಣ ಪಿಂಗಾಣಿ ಜಾಡಿಯನ್ನು ತೊಳೆದು, ಒರೆಸಿ, ಅದರಲ್ಲಿ ತುಂಬಿ ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟೆವು. ಮನೆಯಲ್ಲಿದ್ದ ಥರ್ಮಾಮೀಟರು ಜ್ವರ ನೋಡುವುದು, 42ಕ್ಕೆ ನಿಲ್ಲುವಂಥದ್ದು. ಅದನ್ನು ಅದ್ದಲು ಮನೆಯೊಡತಿ ಒಪ್ಪಲಿಲ್ಲ. ಹುಡುಗಿ ನಕ್ಕು, ಜಾಡಿಯ ತಳವನ್ನು ಅಂಗೈಯಿಂದ ಮುಟ್ಟಿ ನೋಡಿ, ಇನ್ನೊಂದು ನಿಮಿಷ ಎಂದಳು. ಆಮೇಲೆ ಬಡಿಸಿದ್ದರಲ್ಲಿ ಬಾಳೆಹಣ್ಣು ಇರಲಿಲ್ಲ; ಹುಳಿ ಮೃದುವಾಗಿ, ಅನ್ನದ ರುಚಿ ನಾಲಗೆಯ ತುಂಬ ಹರಡಿತ್ತು. ತಣ್ಣನೆಯ ಪಕ್ಷದವರು ಮಾತಾಡದೆ ಬಟ್ಟಲನ್ನು ಮುಂದಕ್ಕೆ ಚಾಚಿದರು.